ಆರದೆ ಉಳಿದ ಮೇಣದ ಬತ್ತಿ

ಮೊನ್ನೆ ನಮ್ಮ ಧರಣಿಗೆ ಬೆಂಬಲ ಕೊಡಲು ಬಂದ ಬೆಂಗಳೂರು ಕಡೆಯ ಐಟಿ ಹುಡುಗಿಯರು ಒಂದು ಡಬ್ಬಿ ಮೇಣದ ಬತ್ತಿ ತಂದಿದ್ದರು. ಡಬ್ಬಿಯನ್ನು ಬಿಚ್ಚಲೂ ಬಿಡದೆ ವಾಪಸು ಕೊಟ್ಟೆ. ಪಾಪ, ಅವರ ಮುಖ ಸಣ್ಣದಾಯಿತು. ಕಿವುಡರ ಹಕ್ಕು ಎಂದು ಹೈದರಾಬಾದೆಲ್ಲ ಸುತ್ತುವ ಈ ಹೆಂಗಸು ಮಹಾ ಸಿಡುಕಿ ಎಂದು ತಾವಿರುವ ಲಿಂಗಂಪಲ್ಲಿ ಮುಟ್ಟುವವರೆಗೂ ಆಡಿಕೊಂಡಿರುತ್ತಾರೆ. ಆಡಿಕೊಳ್ಳಲಿ, ನನಗೇನು ಕೇಳಿಸುತ್ತದೆಯೇ!

ನಾನು ಹುಟ್ಟುಕಿವುಡಿ. ನನ್ನ ಗಂಡನೂ ಹಾಗೆಯೇ. ಬೀದರ್ ಕಡೆಯಿಂದ ಬಂದ ನಮಗೆ ಹೈದರಾಬಾದಿನ ಜೀಡಿಮೆಟ್ಲಾದ ಒಂದು ಕೆಮಿಕಲ್ ಕಾರ್ಖಾನೆಯೇ ಅನ್ನ ಕೊಡುತ್ತಿತ್ತು. ಮನೆಯಲ್ಲಿ ಕಿವಿ ಕೇಳುತ್ತಿದ್ದುದು ಅತ್ತೆಗೆ ಮಾತ್ರ. ನಮ್ಮ ಕೈಮಾತನ್ನು ಹೊರಗಿನವರಿಗೆ ತೆಲುಗಿನಲ್ಲೋ ಹಿಂದಿಯಲ್ಲೋ ದಾಟಿಸುವುದು ಅವರ ಪಾಲಿನ ಕೆಲಸ. ಊಟಕ್ಕೆ ಕೂತಾಗ ಮಾತ್ರ ನಮ್ಮಿಬ್ಬರ ಮೇಲೆ ಅವರಿಗೆ ಸಿಟ್ಟು. ಕೈಗೆ ರೊಟ್ಟಿ ಬಂದರೆ ನಮ್ಮ ಮಾತು ನಿಲ್ಲುತ್ತದೆ, ಮಾತು ಶುರುವಾದರೆ ಊಟ ನಿಲ್ಲುತ್ತದೆ. "ಮೊದ್ಲ ಉಣ್ರಿ, ರೊಟ್ಟಿ ಆರಾಕತ್ತಾವ" ಎಂದು ಗದರುವ ಅವರ ತುಟಿಯನ್ನು ನಾನು ಕತ್ತಲಲ್ಲೂ ಓದಬಲ್ಲೆನೇನೋ.

ಒಮ್ಮೆ ಗಂಡ ಊಟದ ತಟ್ಟೆ ಸರಿಸಿ, ಅತ್ತೆ ನೀರಿಗೆ ಹೋದ ಹೊತ್ತು ನೋಡಿ, ನನಗೊಂದು ವಿಷಯ ಹೇಳಿದರು. ಅಪಾಯವಾದರೆ ಕಾರ್ಖಾನೆಯಲ್ಲಿ ಸೈರನ್ ಕೂಗುತ್ತದೆ. ಅಲ್ಲಿದ್ದ ಕಿವುಡರಿಗೆ ಅದರಿಂದ ಏನು ಉಪಯೋಗ? ಸೈರನ್ ಪಕ್ಕದಲ್ಲಿ ಕೆಂಪು ದೀಪವೂ ಹತ್ತಬೇಕು ಎಂದು ಅವರು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಸೂಪರ್‌ವೈಸರಿಗೆ ತೋರಿಸಿದ್ದರು. ಆತ ನಕ್ಕು, ಹೆಗಲು ತಟ್ಟಿ ಹೋದನಂತೆ. ಅಮ್ಮನಿಗೆ ಹೇಳಬೇಡ, ಗೇಟಿಗೇ ಹೋಗಿ ಜಗಳ ತೆಗೆದಾಳು ಎಂದರು. ನಾನು ಹೇಳಲಿಲ್ಲ.

ಆಮೇಲೆ ಒಂದು ದಿನ ಗ್ಯಾಸ್ ಸೋರಿತು. ಸೈರನ್ ಕೇಳಿದವರು ಓಡಿದರು, ಅವರನ್ನು ಕಂಡ ಕಿವುಡರೂ ಓಡಿದರು. ಬಾಗಿಲಿಗೆ ಬೆನ್ನು ಹಾಕಿ ಡ್ರಮ್ಮು ತೊಳೆಯುತ್ತಿದ್ದ ನನ್ನ ಗಂಡ ತೊಳೆಯುತ್ತಲೇ ಇದ್ದರು.

ಸಾವಿನ ಸುದ್ದಿ ತಿಳಿದು ಅಂಗವಿಕಲರ ಸಂಘವೊಂದರವರು ಬಂದರು. ಒಳ್ಳೆಯ ಜನ, ಕಿವಿ ಕೇಳುವ ಜನ. ಸಂಜೆ ಕಾರ್ಖಾನೆಯ ಗೇಟಿನ ಮುಂದೆ ಮೇಣದ ಬತ್ತಿ ಹಿಡಿದು ಮೌನವಾಗಿ ನಿಲ್ಲೋಣ ಎಂದರು. ಕಿವುಡರ ಕೈಗೆ ಮೇಣದ ಬತ್ತಿ! ಎಂಥ ಎಡವಟ್ಟೆಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಗಾಳಿ ಬೀಸುತ್ತಿತ್ತು. ಒಂದು ಕೈಯಲ್ಲಿ ಬತ್ತಿ, ಇನ್ನೊಂದು ಕೈ ಅದಕ್ಕೆ ಮರೆ. ಅವರ ಮುಖಂಡರು ನನ್ನ ಬತ್ತಿ ಹಚ್ಚುತ್ತಾ ಏನೋ ಹೇಳಿದರು. ಪಕ್ಕದಲ್ಲಿದ್ದ ಅತ್ತೆ ತುಟಿಯಲ್ಲಿ ತಿಳಿಸಿದರು: "ಇದು ನನ್ನ ಮಗನ ದೀಪ ಅಂತ. ಆರಬಾರದಂತ."

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಹೊರಗೆ ಬಂದರು. ನನ್ನೆದುರಿಗೇ ನಿಂತು ಕೈ ಮುಗಿದು ಮಾತಾಡಿದರು. ಅತ್ತೆ ಅದನ್ನು ತುಟಿಯಲ್ಲಿ ದಾಟಿಸಿದರು. "ದೀಪ ಬೇಕಂತ ಯಾರೂ ಕೇಳೇ ಇಲ್ಲಂತ. ಕೇಳಿದ್ರ ಅವತ್ತ ಹಾಕಿಸ್ತಿದ್ವಿ ಅನ್ನಾಕತ್ತಾನ. ನೀ ಏನರ ಹೇಳ್ತಿಯೇನವಾ?"

ಹೇಳುವುದಿತ್ತು. ನನ್ನ ಗಂಡ ಕೇಳಿದ್ದರು, ಶೆಡ್ಡಿನ ಗೋಡೆ ನೋಡಿ, ಈಗಲೇ ಬನ್ನಿ, ಎಲ್ಲರೂ ಬನ್ನಿ. ಅಷ್ಟೂ ಜನರೆದುರು ಆ ಮಾತು ಹೊರಗೆ ಬಂದಿದ್ದರೆ ಮ್ಯಾನೇಜರಿಗೆ ನುಣುಚಿಕೊಳ್ಳಲಾಗುತ್ತಿರಲಿಲ್ಲ. ಒಳಗೆ ಇನ್ನೂ ಕೆಲಸ ಮಾಡುತ್ತಿದ್ದ ಕಿವುಡರಿಗೆ ದೀಪ ಬರುತ್ತಿತ್ತು. ಮರೆಮಾಡಿದ್ದ ಕೈಯನ್ನು ಎತ್ತಿದೆ. ಜ್ವಾಲೆ ಬಾಗಿ ಸಣ್ಣಗಾಯಿತು. ಹೆದರಿ ಕೈಯನ್ನು ಮತ್ತೆ ಅಲ್ಲಿಗೇ ತಂದೆ. ಮ್ಯಾನೇಜರ್ ತುಸು ಕಾದು, ತಲೆಬಾಗಿ ಒಳಗೆ ಹೋದರು.

ಮನೆಗೆ ಬಂದು ಬೆರಳಿಗೆ ಅಂಟಿದ ಮೇಣ ಕಿತ್ತು ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೆಳಗಾಗುತ್ತಲೇ ಇಬ್ಬರೂ ಗೇಟಿಗೆ ಹೋದೆವು. ಒಳಗೆ ಬಿಡಲಿಲ್ಲ. ಕೆಲವು ದಿನ ಅಲೆದಾಡಿಸಿ ಕೊನೆಗೆ ಬಿಟ್ಟಾಗ ಶೆಡ್ಡಿಗೆ ಸುಣ್ಣ ಹೊಡೆದಾಗಿತ್ತು. ಚಿತ್ರ ಎಲ್ಲಿದೆಯಮ್ಮಾ ಎಂದು ಕಾರ್ಖಾನೆಯವರು ಕೇಳಿದರು. ನಾನು ಬಿಳಿ ಗೋಡೆ ತೋರಿಸಿದೆ.

ಆಮೇಲೆ ನಾಚಾರಂನ ಕಾರ್ಖಾನೆಗಳಲ್ಲಿ, ಇನ್ನೂ ಎಷ್ಟೋ ಕಡೆ ಜಗಳವಾಡಿ ಸೈರನ್ನಿನ ಪಕ್ಕ ಕೆಂಪು ದೀಪ ಹಾಕಿಸಿದ್ದೇನೆ. ಜನ ಹೋರಾಟಗಾರ್ತಿ ಎಂದು ಶಾಲು ಹೊದಿಸುತ್ತಾರೆ. ಆ ಒಂದು ಕಾರ್ಖಾನೆಯಲ್ಲಿ ಮಾತ್ರ ಇವತ್ತಿಗೂ ಹಾಕಿಸಲಾಗಿಲ್ಲ.

ಡಬ್ಬಿ ತಂದ ಹುಡುಗಿಯರಲ್ಲಿ ಒಬ್ಬಳು ನಿನ್ನೆ ಮತ್ತೆ ಬಂದಿದ್ದಳು. ಯಾಕೆ ಬೇಡವೆಂದಿರಿ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದಳು. ಇದೆಲ್ಲವನ್ನೂ ಬರೆದು ತೋರಿಸಿದೆ. ಓದಿ ಕಣ್ಣು ಒರೆಸಿಕೊಂಡು, ಆ ಬತ್ತಿ ಆಮೇಲೆ ಆರಿಹೋಯಿತೇ ಎಂದು ಕೇಳಿದಳು.

ಇಲ್ಲ ಎಂದು ಬರೆದೆ. ಕೊನೆಯವರೆಗೂ ಚೆನ್ನಾಗಿ ಉರಿಯಿತು.