ನಮ್ಮ ಓಣಿಯ ಎರಿಕರು

ನಿಜಾಮರ ಕಾಲದಲ್ಲಿ ಗದ್ವಾಲದ ನಮ್ಮ ನೇಕಾರರ ಓಣಿಯಲ್ಲಿ ಮನೆ ಬಿಟ್ಟು ಮನೆಗೊಬ್ಬ ಎರಿಕ್ ಇದ್ದನೆಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಮೊದಲನೆಯವನು ನನ್ನ ತಮ್ಮ.

ಅವನಿಗಿಂತ ಮುಂಚೆ ಹುಟ್ಟಿದ ಗಂಡುಕೂಸುಗಳು ತೊಟ್ಟಿಲು ದಾಟಲಿಲ್ಲ. ಇವನನ್ನು ಉಳಿಸಿಕೊಟ್ಟವರು ದವಾಖಾನೆಯ ಡಾಕ್ಟರಮ್ಮ, ಸ್ವೀಡನ್ ದೇಶದವರು. ಅಡ್ಡ ಸಿಕ್ಕಿಕೊಂಡಿದ್ದ ಕೂಸನ್ನು ಹೊರತೆಗೆದು, ಅದು ಉಸಿರಾಡುವವರೆಗೂ ಕೈಬಿಟ್ಟಿರಲಿಲ್ಲ. ಅವರ ಋಣ ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅವರ ಮಗನ ಹೆಸರು ಎರಿಕ್ ಎಂದು ಅವ್ವ ಆಗಲೇ ಕೇಳಿಟ್ಟುಕೊಂಡಿದ್ದಳು.

ಹಿಂದಿನ ಮಕ್ಕಳು ಸತ್ತಿದ್ದರೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಕಸವೆಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ. ಅವ್ವ ಮಾತ್ರ, "ಪರದೇಶದ ಹೆಸರಿಡೂಣು. ಯಮ ಬಂದ್ರೂ ಇಂಥಾ ಹೆಸರಿನವ್ರು ಇಲ್ಲಿ ಇಲ್ಲಂತ ಹೊಳ್ಳಿ ಹೋಗ್ತಾನ" ಎಂದು ಹಟ ಹಿಡಿದಳು. ತೊಟ್ಟಿಲ ಶಾಸ್ತ್ರಕ್ಕೆ ಬಂದಿದ್ದ ಡಾಕ್ಟರಮ್ಮ, ಅದು ತಮ್ಮ ಕಡೆಯ ಹಳೇ ರಾಜರ ಹೆಸರು, ಸದಾ ಆಳುವವನು ಎಂದು ಅರ್ಥ, ಹಡಗು ಹತ್ತಿ ದೇಶದೇಶಕ್ಕೂ ಹೋಗಿದೆ ಎಂದರು.

"ಆಳೂದು ನಿಜಾಮರಿಗಿರ್ಲಿ. ನಮ್ಮ ಕೂಸು ಉಳದ್ರ ಸಾಕು," ಎಂದ ಸೋದರತ್ತೆ, ಮುಖ ಗಂಟಿಕ್ಕಿಕೊಂಡೇ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಅವತ್ತು ನಾನು ಸ್ವಲ್ಪ ಜೋರಾಗಿಯೇ ಗುದ್ದಿದೆ.

ತಮ್ಮ ಉಳಿದ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಓಣಿಯಿಂದಷ್ಟೇ ಅಲ್ಲ, ಗಟ್ಟು, ಮಕ್ತಲದಂಥ ಊರುಗಳಿಂದಲೂ ಬಂದು, ಅವ್ವನಿಗೆ ಕುಬಸದ ಖಣ ಕೊಟ್ಟು, ಆ ಹೆಸರು ಕೇಳಿಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ಡಾಕ್ಟರಮ್ಮ ತಮ್ಮ ದೇಶಕ್ಕೆ ಹೊರಟು, ಹೇಳಿಹೋಗಲು ನಮ್ಮ ಮನೆಗೆ ಬಂದರು. ಅವ್ವ, "ನಿಮ್ಮ ಮಗ ಈಗ ದೊಡ್ಡಾವ ಆಗಿರಬೇಕಲ್ರೀ ಅಮ್ಮಾ?" ಎಂದು ಕೇಳಿದಳು.

"ಇಲ್ಲವಾ. ಸಣ್ಣಾವ ಇದ್ದಾಗ ತೀರಿಕೊಂಡ. ಆಮ್ಯಾಲೇ ನಾ ಇಲ್ಲಿಗೆ ಬಂದೆ," ಎಂದರು ಅವರು.

"ಸತ್ತ ಕೂಸಿನ ಹೆಸರು ಊರಿಗೆಲ್ಲಾ ಹಂಚಿದ್ಯಲ್ಲೇ!" ಎಂದು ಅತ್ತೆ ಅವ್ವನ ಮೇಲೆ ಹರಿಹಾಯ್ದಳು. ಅವ್ವ ತಮ್ಮನನ್ನು ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದಳು.

ಹೊರಗೆ ಊಟದ ಹೊತ್ತಾಗಿತ್ತು. "ಎರಿಕಾ, ಉಣ್ಣಾಕ ಬಾರಲೇ" ಎಂದು ಒಂದು ಮನೆಯಿಂದ ಕೂಗು ಬಂತು, ಹಿಂದೆಯೇ ಇನ್ನೊಂದು ಮನೆಯಿಂದ. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕೇಳುತ್ತ ಕಣ್ಣೊರೆಸಿಕೊಂಡರು. "ಈ ಕೂಗು ಬಿಟ್ಟು ಹೋಗಾಕ ಮನಸ್ಸು ಬರವಲ್ದು," ಎಂದರು.

ಅವ್ವ ಸೆರಗು ಸಡಿಲಿಸಿ ತಮ್ಮನನ್ನು ಅವರ ಮುಂದೆ ನಿಲ್ಲಿಸಿದಳು.

"ನಿಮ್ಮ ಮಗನ್ನ ಇಲ್ಲೇ ಬಿಟ್ಟು ಹೋಗ್ರೀ ಅಮ್ಮಾ. ನಾವು ಸಾಕ್ತೀವಿ."