ಎಬ್ಬಿಸಿ ಕೂರಿಸಿದ ತೋಳು

ಬೇಸ್‌ಬಾಲ್ ತಂಡದ ಮ್ಯಾನೇಜರನ್ನು ಆಡಿಕೊಳ್ಳುವುದು ನಮ್ಮ ಹಾಲ್ವರ್ ಊರಿನಲ್ಲಿ ಮಳೆ ಬಿಸಿಲಿನ ಮಾತಿನಷ್ಟೇ ಸಹಜ. ಆದರೆ ಆಡಿಸಿಕೊಳ್ಳುವವನು ಒಡಹುಟ್ಟಿದವನಾದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಡ್ವೇನ್ ನನ್ನ ತಮ್ಮ. ಆ ಬೇಸಿಗೆಯಿಡೀ ಊರಿನ ಬಾಯಿಗೆಲ್ಲ ಅಡ್ಡ ನಿಂತು ಅವನ ಪರ ವಾದಿಸಿದವಳು ನಾನು. ಈಗ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಇರಲಿ, ನಾನು ಹೇಳಹೊರಟಿರುವುದು ವರ್ಲಿನ್ ಸ್ಕೋಗ್‌ನ ವಿಷಯ.

ವರ್ಲಿನ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಬೆಳಕು ಹರಿಯುವ ಮೊದಲೇ ಹೊರಟು, ಸುತ್ತಲಿನ ಕೊಟ್ಟಿಗೆಗಳಿಂದ ಹಾಲು ತುಂಬಿಕೊಂಡು ಡೇರಿಗೆ ಇಳಿಸಿ ಬರುತ್ತಾನೆ. ಯಾರದಾದರೂ ಹಸು ಕರು ಹಾಕಲು ಒದ್ದಾಡುತ್ತಿದ್ದರೆ ಟ್ಯಾಂಕರ್ ನಿಲ್ಲಿಸಿ ಅಂಗಿಯ ತೋಳು ಮಡಚಿ ಒಳಗೆ ಹೋಗಿಬಿಡುತ್ತಾನೆ. ಆಮೇಲೆ ಡೇರಿಯಲ್ಲಿ ತಡವಾಯಿತೆಂದು ಬೈಸಿಕೊಂಡು ಸುಮ್ಮನಿರುತ್ತಾನೆ. ಮಾತು ಬಹಳ ಕಡಿಮೆ. ಚಳಿಗಾಲದಲ್ಲಿ ಅವನ ಜತೆ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಕುಳಿತವರು, ಬೆಳಗಿನಿಂದ ಸಂಜೆಯವರೆಗೆ ಅವನು 'ಹೂಂ' ಎಂದದ್ದು ಎರಡೇ ಸಲ ಎಂದು ನಗುತ್ತಾರೆ.

ಅವನ ಇನ್ನೊಂದು ಕೆಲಸ, ನಮ್ಮ ಊರಿಗೆಲ್ಲ ಹೆಚ್ಚು ಮುಖ್ಯವಾದದ್ದು, ಕೊನೆಯಲ್ಲಿ ಬಂದು ಚೆಂಡೆಸೆಯುವುದು. ಆಟ ಶುರುಮಾಡಿದ ಪಿಚರ್ ದಣಿದು, ಗೆದ್ದ ಆಟ ಕೈಜಾರುತ್ತಿದೆ ಎನ್ನುವಾಗ ಬೇಲಿಯ ಪಕ್ಕದ ಬುಲ್‌ಪೆನ್‌ನಲ್ಲಿ ಒಬ್ಬ ಎದ್ದು ತೋಳು ಬಿಸಿಮಾಡಿಕೊಳ್ಳುತ್ತಾನಲ್ಲ, ಆ ರಿಲೀಫ್ ಪಿಚರ್ ನಮ್ಮಲ್ಲಿ ಹತ್ತೊಂಬತ್ತರ ವಯಸ್ಸಿನಿಂದ ನಲವತ್ತೆರಡರವರೆಗೆ ವರ್ಲಿನ್ನೇ. ಅವನು ಎದ್ದು ನಿಂತನೆಂದರೆ ಬೇಲಿಯಾಚೆ ಕಾರು ನಿಲ್ಲಿಸಿಕೊಂಡು ನೋಡುವವರು ಹಾರ್ನ್ ಒತ್ತಲು ಶುರುಮಾಡುತ್ತಿದ್ದರು. ತನ್ನ ಮದುವೆಯ ದಿನವೇ, ಊಟದ ಮಧ್ಯೆ ಡ್ವೇನ್ ಬಂದು ಕಿವಿಯಲ್ಲಿ ಏನೋ ಉಸುರಿದಾಗ, ಕೋಟು ಕಳಚಿಟ್ಟು ಮೈದಾನಕ್ಕೆ ಹೋಗಿ ಒಂದು ಇನ್ನಿಂಗ್ಸ್ ಎಸೆದು ಬಂದ ಮಹರಾಯ ಅವನು. ಅವನ ಹೆಂಡತಿ ಜೋನೆಲ್ ಅದನ್ನು ಇವತ್ತಿಗೂ ಬಿಡುವುದಿಲ್ಲ. ಆವತ್ತು ಎದುರಾಳಿಗಳು ಮೂರು ಜನ ಔಟಾಗುವ ತನಕ ತಾನು ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದೆ ಎನ್ನುತ್ತಾಳೆ.

ಆ ಕಾಲದಲ್ಲಿ ವರ್ಲಿನ್ ಎಸೆದ ಚೆಂಡು ಹಿಡಿಯುತ್ತಿದ್ದ ಕ್ಯಾಚರ್ ಡ್ವೇನ್. ಇಬ್ಬರೂ ಒಂದೇ ತರಗತಿಯವರು. ಆ ತೋಳಿನ ಒಂದೊಂದು ಸೆಳೆತವೂ ನನ್ನ ತಮ್ಮನಿಗೆ ಗೊತ್ತಿತ್ತು. ಮಂಡಿ ಸವೆದು ಕ್ಯಾಚರಿನ ಹಾಗೆ ಕುಕ್ಕರಗಾಲಲ್ಲಿ ಕೂರಲಾಗದೆ ಹೋದ ಮೇಲೆ ಡ್ವೇನ್ ಮ್ಯಾನೇಜರಾದ, ಎಂದರೆ ಯಾರು ಯಾವಾಗ ಎಸೆಯಬೇಕೆಂದು ನಿರ್ಧರಿಸುವವನು. ಅಲ್ಲಿಗೆ ನಮ್ಮ ಗ್ರಹಚಾರ ಶುರುವಾಯಿತು.

ಅವನಿಗೊಂದು ಚಾಳಿ. ನಮ್ಮ ಪಿಚರ್ ಎದುರಾಳಿಗೆ ಒಂದು ಓಟ ಬಿಟ್ಟುಕೊಟ್ಟರೆ ಸಾಕು, ಬುಲ್‌ಪೆನ್ ಕಡೆ ಕೈ ಬೀಸಿ ಇನ್ನೊಬ್ಬನನ್ನು ಎಬ್ಬಿಸುತ್ತಿದ್ದ. ಎದ್ದವನು ಪಾಪ ಬೆವರಿಳಿಸಿ ಎಸೆದೆಸೆದು ಸಿದ್ಧನಾಗುವಷ್ಟರಲ್ಲಿ ಮನಸ್ಸು ಬದಲಾಯಿಸಿ ಕೂರಿಸುತ್ತಿದ್ದ. ಮತ್ತೆ ಎಬ್ಬಿಸುವುದು, ಮತ್ತೆ ಕೂರಿಸುವುದು. ಕೊನೆಗೆ ಒಳಗೆ ಕರೆಸಿದರೆ ಆ ಹುಡುಗರ ತೋಳಿನಲ್ಲಿ ಏನು ಉಳಿದಿರುತ್ತದೆ, ಮಣ್ಣು? ಗೆದ್ದ ಆಟಗಳು ಹೀಗೆ ಹೊಳೆಗೆ ಹೋದವು. ನಮ್ಮ ಕಡೆಯ ಜನ ಕೂಗಾಡುವವರಲ್ಲ. 'ಇದೊಂಥರಾ ಬೇರೇನೇ ಇದೆಯಲ್ಲ' ಎಂದರೆ ಅದೇ ನಮ್ಮಲ್ಲಿ ಮಹಾ ಬೈಗುಳ. ಚರ್ಚಿನ ಕಾಫಿ ಮೇಜಿನ ಸುತ್ತ ಆ ಬೇಸಿಗೆಯಿಡೀ ಅದೇ ಮಾತು ಕೇಳಿದೆ, ಕೂತು ಹೇಳುವುದು ನಿಮಗೆ ಸುಲಭ ಎಂದು ಎದ್ದೆದ್ದು ಜಗಳಕ್ಕೆ ಹೋದೆ.

ಇಷ್ಟಾದರೂ ಹೇಗೋ ಏಗಿಕೊಂಡು ನಾವು ವಲಯದ ಪಂದ್ಯ ಗೆದ್ದೆವು. ಮಿನೆಸೋಟಾದ ಊರಿನ ತಂಡಗಳೆಲ್ಲ ಬಾಯಿಬಿಡುವ ರಾಜ್ಯ ಟೂರ್ನಮೆಂಟಿಗೆ ಹಾಲ್ವರ್ ಹೋದದ್ದು ನನಗೆ ಬುದ್ಧಿ ಬಂದಾಗಿನಿಂದ ಅದೇ ಮೊದಲು. ಬ್ಯಾಂಕಿನ ಗಾಜಿನ ಮೇಲೂ ತಂಡದ ಹೆಸರು ಬರೆದರು.

ಆದರೆ ವರ್ಲಿನ್‌ನ ಭುಜ ಹರಿದಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರು. ಅದಾದ ಮೇಲೆ ಚೆಂಡಿನ ಮಾತಿಲ್ಲ. ಆಟಕ್ಕೆ ಮೊದಲಿನ ಶುಕ್ರವಾರ ಅವನು ನಮ್ಮ ಮನೆಗೆ ಬಂದ, ಡ್ವೇನ್‌ನನ್ನೂ ಕರೆಸಿದ. ನನ್ನ ಅಡುಗೆಮನೆಯ ಮೇಜಿಗೆ ಇಬ್ಬರೂ ಎದುರುಬದುರು ಕೂತರು. ವರ್ಲಿನ್‌ನ ಭುಜದ ಮೇಲೆ ಐಸು ತುಂಬಿದ ಚೀಲ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಡ್ವೇನ್, ಈ ತೋಳಲ್ಲಿ ಇನ್ನೊಂದೇ ಸಲಕ್ಕಾಗೋಷ್ಟು ಜೀವ ಇದೆ. ಒಂದ್ಸಲ ಬಿಸಿ ಮಾಡ್ಕೋತೀನಿ, ಒಂದ್ಸಲ ಎಸೀತೀನಿ. ನೀನು ಯಾವಾಗ ಬೇಕಾದ್ರೂ ಎಬ್ಸು. ಆದ್ರೆ ಎಬ್ಸಿದ್ರೆ ಒಳಗೆ ಕಳ್ಸು. ಎಬ್ಸಿ ಕೂರಿಸ್ಬೇಡ. ನಾನು ಕೇಳೋದು ಇದೊಂದೇ."

"ನನಗೆ ಹೇಳ್ತೀಯೇನೋ?" ಎಂದ ನನ್ನ ತಮ್ಮ. "ಆ ತೋಳು ನಿನಗಿಂತ ನನಗೇ ಜಾಸ್ತಿ ಗೊತ್ತು. ಮಾತು ಕೊಟ್ಟಿದ್ದೀನಿ, ಹೋಗು."

ಇಬ್ಬರೂ ಕೈಕುಲುಕಿದರು. ನಾನು ಇಬ್ಬರಿಗೂ ಕಾಫಿ ಬಗ್ಗಿಸಿದೆ. ವರ್ಲಿನ್ ಮನೆಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ.

ಇನ್ನೊಂದು ವಿಷಯ ಹೇಳಬೇಕು. ನಮ್ಮಲ್ಲಿ ಒಂದು ಪದ್ಧತಿಯಿದೆ. ರಾಜ್ಯ ಟೂರ್ನಮೆಂಟಿಗೆ ಹೋಗುವ ತಂಡ, ತನ್ನ ವಲಯದಲ್ಲಿ ಸೋತ ಊರುಗಳಿಂದ ಒಬ್ಬಿಬ್ಬರು ಆಟಗಾರರನ್ನು ಆರಿಸಿ ಕರೆದೊಯ್ಯಬಹುದು. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಿನ್ನೆ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದವನು ನಾಳೆ ನಮ್ಮ ಅಂಗಿ ತೊಟ್ಟು ನಿಲ್ಲುತ್ತಾನೆ. ಡ್ವೇನ್ ಸ್ಟೋರ್ಡಲ್ ಊರಿನ ಟ್ರೆಂಟ್ ವೋಸ್ ಎಂಬ ಎಡಗೈ ಪಿಚರನ್ನು ಆರಿಸಿಕೊಂಡ. ಕಾಲೇಜು ತಂಡದ ಹುಡುಗ. ಚೆಂಡು ಗುಂಡಿನ ಹಾಗೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಅವನಿಗೂ ಗೊತ್ತಿಲ್ಲ. ಸ್ಟೋರ್ಡಲ್‌ನವನೇ ಬೇಕಿತ್ತಾ ಎಂದು ಹಿರಿಯರು ಕಾಫಿ ಕಪ್ಪು ಕುಕ್ಕಿದರು. ಇರಲಿ ಬಿಡಿ, ಒಬ್ಬ ಹೆಚ್ಚಿಗೆ ಇದ್ದರೆ ನಷ್ಟವೇನು ಎಂದು ನಾನು ಅಲ್ಲಿಯೂ ತಮ್ಮನ ಪರ ನಿಂತೆ.

ಆಟದ ದಿನ ಅರ್ಧ ಊರು ಬೀಗ ಹಾಕಿಕೊಂಡು ಹೊರಟಿತು. ಬಿಸಿಲು ಸುಡುತ್ತಿತ್ತು. ನಾವು ಮಡಚುವ ಕುರ್ಚಿಗಳನ್ನು ತಂತಿಬೇಲಿಗೆ ಒತ್ತಿ ಹಾಕಿಕೊಂಡೆವು. ನಮ್ಮ ಬುಲ್‌ಪೆನ್ ನನ್ನ ಕಣ್ಣಳತೆಯಲ್ಲೇ ಇತ್ತು. ಸೋತರೆ ಮನೆಗೆ ಹೋಗುವ ಆಟ. ಒಂಬತ್ತರಲ್ಲಿ ಐದು ಇನ್ನಿಂಗ್ಸ್ ಮುಗಿದಾಗ ನಾವು ಮೂರು, ಅವರು ಒಂದು.

ಆರನೆಯದರಲ್ಲಿ ನಮ್ಮ ಪಿಚರ್ ಸ್ವಲ್ಪ ತಡವರಿಸಿದ. ಡ್ವೇನ್ ಕೈ ಬೀಸಿದ. ವರ್ಲಿನ್ ಎದ್ದ. ಕಾರುಗಳ ಹಾರ್ನ್ ಮೊಳಗಿದವು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಸೆಯತೊಡಗಿದ. ಚೆಂಡು ಗ್ಲೌಸಿಗೆ ಬಿದ್ದಾಗ ಪಟ್ ಎನ್ನುವ ಸದ್ದು ನಮ್ಮವರೆಗೆ ಕೇಳಿಸಿತು. ಅಷ್ಟರಲ್ಲಿ ನಮ್ಮ ಪಿಚರ್ ಸಾವರಿಸಿಕೊಂಡು ಇನ್ನಿಂಗ್ಸ್ ಮುಗಿಸಿದ. ಡ್ವೇನ್ ಅಂಗೈ ಕೆಳಗೆ ಮಾಡಿ ಸನ್ನೆ ಮಾಡಿದ. ಕೂತುಕೋ. ವರ್ಲಿನ್ ಜಾಕೆಟ್ಟನ್ನು ತೋಳಿಗೆ ಸುತ್ತಿಕೊಂಡು ಕೂತ.

ಏಳನೆಯ ಇನ್ನಿಂಗ್ಸ್‌ಗೇ ಕಳಿಸುತ್ತಾನೆ, ಅದಕ್ಕೇ ಬಿಸಿಮಾಡಿಸಿದ್ದಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏಳನೆಯದರಲ್ಲಿ ಮತ್ತೆ ಎಬ್ಬಿಸಿದ. ವರ್ಲಿನ್ ಎದ್ದು ಎಸೆದ. ಈ ಸಲ ಒಂದೊಂದು ಎಸೆತಕ್ಕೂ ಹಲ್ಲು ಕಚ್ಚುತ್ತಿದ್ದ. ಅವರು ಇನ್ನೊಂದು ಓಟ ಗಳಿಸಿದರು. ಆಗ ಡ್ವೇನ್ ಮೈದಾನದ ಮಧ್ಯಕ್ಕೆ ನಡೆದು ತನ್ನ ಎಡಗೈ ಮುಟ್ಟಿ ತೋರಿಸಿದ. ಎಡಗೈ ಎಂದರೆ ಟ್ರೆಂಟ್. ವರ್ಲಿನ್ ಕೂತ. ನಮ್ಮ ಸಾಲಿನಲ್ಲಿ ಯಾರೋ ಮೆಲ್ಲಗೆ, "ಇದೊಂಥರಾ ಬೇರೇನೇ ಇದೆಯಲ್ಲ" ಎಂದರು. ನಾನು ತಿರುಗಿ ಜಗಳಕ್ಕೆ ಹೋಗಲಿಲ್ಲ.

ಎಂಟನೆಯದರಲ್ಲಿ ಟ್ರೆಂಟ್ ಚೆಂಡನ್ನು ಅಡ್ಡಾದಿಡ್ಡಿ ಎಸೆದು ಚೆಂಡು ಹೊಡೆಯದೆಯೇ ಒಬ್ಬ ಪುಕ್ಕಟೆ ಮೊದಲ ಬೇಸಿಗೆ ಹೋಗುವ ಹಾಗೆ ಮಾಡಿದ. ಮೂರನೆಯ ಸಲ ವರ್ಲಿನ್‌ನನ್ನು ಎಬ್ಬಿಸಲಾಯಿತು. ನಾನು ಕುರ್ಚಿ ಬಿಟ್ಟೆದ್ದು ಬೇಲಿಯುದ್ದಕ್ಕೂ ನಡೆದು ನಮ್ಮ ತಂಡ ಕೂತಿರುವಲ್ಲಿಗೆ ಹೋದೆ. ಬೇಲಿಯ ಸಂದಿಯಿಂದ, "ಲೋ, ಮಾತು ಕೊಟ್ಟಿದ್ದೆ ಕಣೋ. ನನ್ನ ಮೇಜಿನ ಮುಂದೆ ಕೊಟ್ಟಿದ್ದೆ" ಎಂದೆ. ಡ್ವೇನ್ ನನ್ನ ಕಡೆ ತಿರುಗದೆಯೇ ಹೇಳಿದ:

"ಬೇರೆ ಊರಿಂದ ಕರ್ಸಿದ್ದೀನಿ ಆರ್ಡಿಸ್. ಕರ್ಸಿಕೊಂಡು ಬೆಂಚ್ ಮೇಲೆ ಕೂರಿಸೋಕಾಗುತ್ತಾ? ವರ್ಲಿನ್ ನಮ್ಮವನು, ಅರ್ಥ ಮಾಡ್ಕೋತಾನೆ."

ನನಗೆ ಮೈಯೆಲ್ಲ ಉರಿದುಹೋಯಿತು. ಪರಊರಿನವನಿಗೆ ಮರ್ಯಾದೆ ಕಡಿಮೆಯಾಗಬಾರದು, ನಮ್ಮವನ ತೋಳು ಹರಿದರೂ ಪರವಾಗಿಲ್ಲ! ಇಬ್ಬರಿಗೂ ಬೇಜಾರಾಗಬಾರದೆಂದು ಒಬ್ಬನನ್ನು ಆಡಿಸುತ್ತ, ಇನ್ನೊಬ್ಬನನ್ನು ಕುಣಿಸುತ್ತ ನಿಂತಿದ್ದ ಮಹಾಶಯ. ಟ್ರೆಂಟ್ ಹೇಗೋ ಎಂಟನೆಯದನ್ನು ದಾಟಿಸಿದ. ವರ್ಲಿನ್ ಮತ್ತೆ ಕೂತ. ಈ ಸಲ ಅವನಿಗೆ ಜಾಕೆಟ್ ಎತ್ತಿ ಹಾಕಿಕೊಳ್ಳಲೂ ಆಗಲಿಲ್ಲ, ಜತೆಗಿದ್ದವನು ಹೊದಿಸಿದ.

ಕೊನೆಯ ಇನ್ನಿಂಗ್ಸ್. ನಾವು ಮೂರು, ಅವರು ಎರಡು. ಟ್ರೆಂಟ್ ಒಬ್ಬನನ್ನು ಔಟ್ ಮಾಡಿದ. ಆಮೇಲೆ ಅವನ ಚೆಂಡು ದಿಕ್ಕು ತಪ್ಪಿತು. ಒಬ್ಬ, ಇನ್ನೊಬ್ಬ, ಮತ್ತೊಬ್ಬ ಪುಕ್ಕಟೆ ನಡೆದು ಮೂರು ಬೇಸುಗಳೂ ತುಂಬಿದವು. ಡ್ವೇನ್ ಆಗ ಹೊರಟ ನೋಡಿ. ತಲೆ ಬಗ್ಗಿಸಿಕೊಂಡು ನಡೆದು, ತನ್ನ ಬಲಗೈ ಮುಟ್ಟಿದ.

ಬಿಸಿ ಮಾಡಿಕೊಳ್ಳಲು ವರ್ಲಿನ್ ಮತ್ತೆ ಏಳಲಿಲ್ಲ. ನೇರ ನಡೆದುಬಂದ. ಆಗುವುದಿಲ್ಲ ಎನ್ನಬಹುದಿತ್ತು. ಆ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ನಾನು ಕುರ್ಚಿಗೆ ವಾಪಸಾಗಿದ್ದೆ, ಪಕ್ಕದಲ್ಲಿದ್ದ ಜೋನೆಲ್ ನನ್ನ ಮುಂಗೈ ಹಿಡಿದುಕೊಂಡಳು. ಮೊದಲನೆಯವನಿಗೆ ಅವನು ಎಷ್ಟು ನಿಧಾನದ ಚೆಂಡು ಎಸೆದನೆಂದರೆ ಬ್ಯಾಟಿನವನು ಮೋಸಹೋಗಿ ಮೇಲಕ್ಕೆತ್ತಿ ಕ್ಯಾಚ್ ಕೊಟ್ಟ. ಕಾರುಗಳು ಹುಚ್ಚೆದ್ದು ಕೂಗಿದವು. ಇನ್ನೊಬ್ಬ, ಇನ್ನೊಬ್ಬನೇ ಒಬ್ಬ! ಎರಡನೆಯವನಿಗೆ ಜೋರಾಗಿ ಎಸೆಯಲು ಹೋದ. ತೋಳು ಅರ್ಧದಲ್ಲೇ ನಿಂತಿತು, ಅದು ನನಗೆ ಬೇಲಿಯಿಂದಲೇ ಕಂಡಿತು. ಚೆಂಡು ಸುಮ್ಮನೆ ತೇಲಿಕೊಂಡು ಹೋಯಿತು. ಬ್ಯಾಟಿನವನು ಅದನ್ನು ಬೇಲಿಯವರೆಗೆ ಅಟ್ಟಿದ, ಇಬ್ಬರು ಓಡಿ ಬಂದರು, ಅವರಿಗೆ ನಾಲ್ಕಾಯಿತು, ಆಟ ಮುಗಿಯಿತು.

ಸೋಲುವುದು ನಮಗೇನು ಹೊಸದಲ್ಲ. ಸೋತ ಮೇಲೆ ಏನಾಯಿತೋ ಅದು ಹೊಸದು. ನಾವೆಲ್ಲ ಕಾರುಗಳ ಹತ್ತಿರ ಸೇರಿದ್ದೆವು. ನಾನು ತಂದಿದ್ದ ಸ್ಯಾಂಡ್‌ವಿಚ್ ಹಂಚುತ್ತಿದ್ದೆ, ಯಾರೂ ತಿನ್ನುತ್ತಿರಲಿಲ್ಲ. ವರ್ಲಿನ್ ತನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಯಾರದೋ ಮಗುವನ್ನು ಮಲಗಿಸಿಕೊಂಡವನ ಹಾಗೆ. ಪಕ್ಕದ ಕಾರಿನ ಬಾಗಿಲು ತೆರೆದಿತ್ತು, ರೇಡಿಯೋ ಮಾತಾಡುತ್ತಲೇ ಇತ್ತು. ನಮ್ಮ ಕಡೆಯ ಸ್ಟೇಷನ್ ಆಟವನ್ನು ಬಿತ್ತರಿಸುತ್ತಿತ್ತು. ಮ್ಯಾನೇಜರ್ ಮಾತಾಡುತ್ತಾರೆ ಎಂದರು. ನನ್ನ ತಮ್ಮನ ಧ್ವನಿ ಬಂತು.

"ವರ್ಲಿನ್ ಹತ್ರ ಇವತ್ತು ಏನೂ ಇರ್ಲಿಲ್ಲ. ಪಾಪ, ಆಡ್ಬೇಕು ಅಂತ ತುಂಬಾ ಕೇಳ್ಕೊಂಡಿದ್ದ. ಹಳೇ ಗೆಳೆಯ, ಇಲ್ಲ ಅನ್ನೋಕಾಗ್ಲಿಲ್ಲ. ಟ್ರೆಂಟ್‌ನನ್ನೇ ಮುಂದುವರಿಸ್ಬೇಕಾಗಿತ್ತು."

ಜೋನೆಲ್ ಹೋಗಿ ರೇಡಿಯೋ ಆರಿಸಿದಳು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ವರ್ಲಿನ್ ಕೇಳಿಕೊಂಡದ್ದು ಏನೆಂದು ನಾನು ಕಿವಿಯಾರೆ ಕೇಳಿದ್ದೆ. ಅದನ್ನು ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಎಬ್ಬಿಸಿ ಕೂರಿಸಬೇಡ ಎಂದು ಅವನು ಕೇಳಿದ್ದು, ಇವನು ಕೈಕುಲುಕಿ ಮಾತು ಕೊಟ್ಟದ್ದು, ಎಲ್ಲ. ಸಾಕು ಬಿಡು ಎಂದು ವರ್ಲಿನ್ ತಲೆಯಾಡಿಸಿದ. ನಾನು ಬಿಡಲಿಲ್ಲ.

ಅಷ್ಟರಲ್ಲಿ ಡ್ವೇನ್ ಬಂದ. ರೇಡಿಯೋ ನಾವು ಕೇಳಿದ್ದೇವೆಂಬುದು ಅವನಿಗೆ ಗೊತ್ತಿಲ್ಲ. ಕಣ್ಣು ಕೆಂಪಾಗಿದ್ದವು, ಅತ್ತಿರಬೇಕು. ನೇರ ವರ್ಲಿನ್ ಹತ್ತಿರ ಹೋಗಿ ಅವನ ಎಡಭುಜದ ಮೇಲೆ ಕೈಯಿಟ್ಟ.

"ಮನಸ್ಸಿಗೆ ಹಚ್ಕೋಬೇಡ ಕಣೋ. ಏನ್ ಮಾಡೋದು, ನಾನು ಟೀಮಿನ ಬಗ್ಗೆ ಯೋಚ್ನೆ ಮಾಡ್ಬೇಕಲ್ಲ."

ವರ್ಲಿನ್ ತಲೆಯೆತ್ತಿ ಅವನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿದ್ದಿದ್ದರೆ ನೋಡುವುದು ಸುಲಭವಾಗುತ್ತಿತ್ತು.

"ನಾನೂ ಟೀಮಲ್ಲೇ ಇದ್ದೆನಲ್ಲೋ ಡ್ವೇನ್" ಎಂದ.

ಡ್ವೇನ್ ಸುತ್ತ ನಿಂತಿದ್ದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರಾದರೂ ಒಂದು ಮಾತು ಆಡಲಿ ಎಂದು ಹುಡುಕಿದ, ಕೊನೆಗೆ ನನ್ನ ಕಡೆ ತಿರುಗಿದ. ನಾನು ಸ್ಯಾಂಡ್‌ವಿಚ್ಚಿನ ಡಬ್ಬಿಗೆ ಮುಚ್ಚಳ ಹಾಕಿ, ಜೋನೆಲ್ ಜತೆ ವರ್ಲಿನ್‌ನ ಪಿಕಪ್ ಹತ್ತಿ ಕೂತೆ.