ಚಿಗವ್ವನ ದನಿ ಎಲ್ಲಿತ್ತು

ಕಚೇರಿಯವರು ಆ ಲ್ಯಾಪ್‌ಟಾಪ್ ಕೊಟ್ಟ ದಿನದಿಂದಲೂ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬರೆದದ್ದು, ಹಿಡಿದಿಟ್ಟದ್ದು ಏನೂ ಅದರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ; ಎಲ್ಲ ಇಂಟರ್ನೆಟ್ ಮೂಲಕ ಹೋಗಿ ಎಲ್ಲೋ ದೂರದ ಕ್ಲೌಡ್‌ನಲ್ಲಿ ಕೂರುತ್ತದೆ. ನೆಟ್‌ವರ್ಕ್ ಇದ್ದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬೀಜ, ಗೊಬ್ಬರದ ಮರಾಠಿ ಕರಪತ್ರಗಳನ್ನು ಕನ್ನಡಕ್ಕೆ ತರುವ ನನ್ನ ಕೆಲಸಕ್ಕೆ ಇಷ್ಟು ಸಾಕಂತೆ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವಳು ತಿರುಗಿ ಬಂದು ಆ ಬೀಗವನ್ನು ಜಗ್ಗಿ ನೋಡುವವಳು ನಾನು. ಕೈಗೆ ಸಿಗದ್ದನ್ನು ಹೇಗೆ ನಂಬಲಿ?

ಆದರೆ ಚಿಗವ್ವನ ಹಾಡು ಇದ್ದದ್ದು ಅಲ್ಲೇ. ಚಿಗವ್ವ ನನ್ನ ತಾಯಿಯ ತಂಗಿ, ಕುಲಗೋಡದವಳು. ಹೋದ ದೀಪಾವಳಿಗೆ ಅವಳು ಎಮ್ಮೆ ಹಿಂಡುತ್ತ ಹಾಡುವುದನ್ನು ಪಕ್ಕದಲ್ಲಿ ಕೂತು ಆ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದೆ. ಆಮೇಲೆ ಅವಳ ಗಂಟಲಿಗೆ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಕರು ಸತ್ತ ಮೇಲೆ ಆ ಎಮ್ಮೆ ಹಾಲು ಬಿಡುತ್ತಿದ್ದದ್ದು ಅವಳ ಹಾಡಿಗೆ ಮಾತ್ರ. ಈಗ ಯಾರು ಕೂತರೂ ಒಂದು ಲೋಟ ಕೊಟ್ಟು ಕಾಲು ಝಾಡಿಸುತ್ತಿತ್ತು. ಅದನ್ನು ಮೂಡಲಗಿ ಸಂತೆಗೆ ಹೊಡೆದು ಮಾರುವುದೆಂದು ಚಿಗವ್ವನ ಗಂಡ, ನಮ್ಮ ಕಾಕಾ, ಫೋನಿನಲ್ಲಿ ಹೇಳಿದರು. "ನಿನ್ನ ಚಿಗವ್ವ ಊಟಾನ ಬಿಟ್ಟಾಳ ನೋಡವಾ" ಎಂದರು.

ಆ ಹಾಡು ಕೇಳಿಸಿದರೆ ಎಮ್ಮೆ ಹಾಲು ಬಿಟ್ಟೀತೆಂದು ಅದನ್ನು ಕಾಕಾರ ಫೋನಿಗೆ ಕಳಿಸೋಣವೆಂದರೆ ಕಚೇರಿಯ ಖಾತೆ ಆ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಅದನ್ನೇ ಹೊತ್ತು ಹುಕ್ಕೇರಿಯಿಂದ ಹೊರಟೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ, ಹಾಡು ಇದೆಯೋ ಇಲ್ಲವೋ ನೋಡೋಣವೆಂದು ಫೋನಿನ ಇಂಟರ್ನೆಟ್ ಜೋಡಿಸಿ ಮುಚ್ಚಳ ತೆರೆದೆ. ಜಾಗ ಹೊಸದು, ನಿಜವಾಗಿ ನೀವೇನಾ ಎಂದು ಅದು ನನ್ನನ್ನೇ ಕೇಳಿತು! ಮೈಯೆಲ್ಲ ಉರಿಯಿತು. ಅನುಮಾನ ಪಡಬೇಕಾದವಳು ನಾನೋ, ಅದೋ? ಫೋನಿಗೆ ಬಂದ ಅಂಕಿ ಒತ್ತಿದ ಮೇಲೆ ಒಳಗೆ ಬಿಟ್ಟುಕೊಂಡಿತು. ಹಾಡು ಕಣ್ಣಿಗೆ ಬೀಳುವಷ್ಟರಲ್ಲಿ ಬಸ್ಸು ಬಂತು. ಕುಲಗೋಡ ಬರುವವರೆಗೂ ಚೀಲವನ್ನು ಎದೆಗೆ ಅವಚಿಕೊಂಡು, ಪಕ್ಕದವರನ್ನೆಲ್ಲ ಕಳ್ಳರಂತೆ ನೋಡುತ್ತ ಕೂತಿದ್ದೆ. ಕದ್ದರೂ ಅದರೊಳಗೆ ಏನೂ ಸಿಗುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

"ಇದರಾಗ ಐತೇನು?" ಕಾಕಾ ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರಾಗ ಇಲ್ರಿ ಕಾಕಾ. ಕಂಪನಿಯವ್ರ ಮಷೀನಿನ್ಯಾಗ ಐತಿ. ಆ ಮಷೀನು ಯಾವ ಊರಾಗ ಐತೋ ನನಗೂ ಗೊತ್ತಿಲ್ರಿ."

"ಅಂದ್ರ ಆಕಿ ದನಿ ಮಂದಿ ಮನ್ಯಾಗ ಇಟ್ಟೀ ಅನ್ನು."

ಮೊದಲು ಪಡಸಾಲೆಯಲ್ಲಿ ಹಾಡು ಹಚ್ಚಿದೆ. ಚಿಗವ್ವ ಕಣ್ಣು ಕಿರಿದು ಮಾಡಿ ಕೇಳಿದಳು. ತನ್ನ ಗಂಟಲು ಮುಟ್ಟಿ, ಲ್ಯಾಪ್‌ಟಾಪ್ ಕಡೆ ಬೆರಳು ಮಾಡಿ, ಅಲ್ಲ ಎಂದು ಕೈಯಾಡಿಸಿದಳು. "ನಿಂದ ದನಿ ಐತಿ, ಖರೇನ" ಎಂದು ಕಾಕಾ ಎಷ್ಟು ಹೇಳಿದರೂ ಮುಖ ತಿರುವಿಕೊಂಡಳು. ತನ್ನ ದನಿ ಹೊರಗಿನಿಂದ ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ ಎಂದು ನನಗೆ ಗೊತ್ತು. ಆದರೂ ನನ್ನ ಹಾಳು ಮನಸ್ಸು, ಆ ದೂರದ ಮಷೀನಿನಲ್ಲಿ ಏನಾದರೂ ಅದಲುಬದಲಾಗಿದ್ದರೆ ಎಂದಿತು.

ಸಂಜೆ ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ನಿಂತು ಮತ್ತೆ ಹಚ್ಚಿದೆ. "ಇಳಿಯವ್ವ ಇಳಿ, ಹಾಲಾಗಿ ಇಳಿ" ಎಂಬ ಮೊದಲ ಸಾಲಿಗೇ ಎಮ್ಮೆ ಮೇವು ಬಿಟ್ಟು ಕಿವಿ ನಿಮಿರಿಸಿತು. ಕತ್ತು ಚಾಚಿ ಲ್ಯಾಪ್‌ಟಾಪನ್ನು ಮೂಸಿ ನೋಡಿತು. ಚಿಗವ್ವನ ಮುಖ ನೋಡಲಾಗಲಿಲ್ಲ ನನಗೆ. ಅದು ತನ್ನ ದನಿಯೇ ಎಂದು ಅವಳಿಗೆ ಗೊತ್ತಾದದ್ದು ಆಗ. ಎಮ್ಮೆ ಅವಳನ್ನು ಬಿಟ್ಟು ಲ್ಯಾಪ್‌ಟಾಪಿನ ಕಡೆ ತಿರುಗಿದ್ದೂ ಆಗಲೇ. ರೆಟ್ಟೆ ಹಿಡಿದು ನನ್ನನ್ನು ತನ್ನ ಬೆನ್ನ ಹಿಂದೆ ಕೂರಿಸಿದಳು. ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ತನ್ನ ಸೆರಗಿನಡಿ ಮುಚ್ಚಿ, ಚೊಂಬು ಹಿಡಿದು ಕೂತಳು.

"ಎಮ್ಮಿಗಿ ಸಂಶಯ ಬರಬಾರ್ದು, ಸುಮ್ಕಿರು" ಎಂದು ಕಾಕಾ ಪಿಸುಗುಟ್ಟಿದರು.

ಹಾಡು ಅವಳ ಬೆನ್ನಿನಿಂದ ಬಂತು. ಸ್ವಲ್ಪ ಹೊತ್ತಿಗೆ ಚೊಂಬಿನಲ್ಲಿ ಸರ್‌ಸರ್ ಎಂದು ಹಾಲು ಬೀಳತೊಡಗಿತು. ನನಗೆ ಅಳು ಬಂತು.

ಅಷ್ಟರಲ್ಲಿ ನಾನು ಹೆದರಿದ್ದೇ ಆಯಿತು. ಸಾಲಿನ ನಡುವೆಯೇ ಹಾಡು ನಿಂತಿತು. ಸೆರಗೆತ್ತಿ ನೋಡಿದರೆ ಪರದೆಯ ಮೇಲೆ ಬರೀ ಚಕ್ರ ತಿರುಗುತ್ತಿತ್ತು. ನೆಟ್‌ವರ್ಕ್ ಹೋಗಿತ್ತು. ಈಗ ಎಮ್ಮೆ ಒದೆಯುತ್ತದೆ, ನಾಳೆ ಸಂತೆಗೆ ಹೋಗುತ್ತದೆ ಎಂದುಕೊಂಡೆ.

ಹಾಲಿನ ಸದ್ದು ನಿಲ್ಲಲಿಲ್ಲ. ಬಗ್ಗಿ ನೋಡಿದೆ. ಚಿಗವ್ವ ಹಣೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿ, ನಿಂತ ಸಾಲನ್ನು ತುಟಿಯಲ್ಲೇ ಮುಂದುವರಿಸಿದ್ದಳು. ಬರುತ್ತಿದ್ದದ್ದು ಬರೀ ಉಸಿರು. ಎಮ್ಮೆಯ ಕಿವಿ ಆ ಕಡೆಗೇ ತಿರುಗಿತ್ತು.

ನಾನು ಸದ್ದಾಗದಂತೆ ಮುಚ್ಚಳ ಮುಚ್ಚಿದೆ.